ಪೇಪರಿನಲ್ಲಿ ಸುತ್ತಿದ್ದು

"ನಿನ್ನ ಸ್ಯಾಂಪಲ್ಲನ್ನ ಲ್ಯಾಬಿನವರು ಬೆಳೆಸಿ ನೋಡಿದಾರಮ್ಮ. ನೀನು ನುಂಗ್ತಾ ಇರೋ ಮಾತ್ರೆಗೆ ಈ ಯೀಸ್ಟು, ಅಂದ್ರೆ ಫಂಗಸ್ಸು, ಜಗ್ಗೋದೇ ಇಲ್ಲ," ಎಂದರು ಡಾಕ್ಟರಮ್ಮ. "ಯಾರು ಬರೆದುಕೊಟ್ಟಿದ್ದು?"

ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದ ಕಂಡಕ್ಟರಮ್ಮ ಟಿಕೆಟ್ ಚೀಲವನ್ನು ತೊಡೆಯ ಮೇಲೆ ಇನ್ನಷ್ಟು ಎಳೆದುಕೊಂಡಳು.

"ಯಾರೂ ಇಲ್ಲ. ಮೆಡಿಕಲ್ ಶಾಪಿನಲ್ಲಿ 'ಅದು' ಅಂದ್ರೆ ಸಾಕು, ಕೊಡ್ತಾರೆ."

ಅವಳ ಅಮ್ಮನಿಗೂ ಅದು 'ಅದು'. ಅತ್ತಿಗೆಗೂ 'ಅದು'. ಗಂಡ ಗೋಡೆ ಕಡೆ ತಿರುಗಿ ಮಲಗಿಕೊಂಡೇ "ಮತ್ತೆ ಅದಾ?" ಅನ್ನುತ್ತಿದ್ದ. ಕೆಮ್ಮಿನ ಔಷಧಿಯನ್ನು ಎಲ್ಲರಿಗೂ ಕಾಣುವಂತೆ ಕೌಂಟರಿನ ಮೇಲೆ ಕುಕ್ಕುವ ಅಂಗಡಿಯವನು ಇವಳ ಒಂದೇ ಒಂದು ಮಾತ್ರೆಯನ್ನು ಮಾತ್ರ ಹಳೇ ಪೇಪರಿನಲ್ಲಿ ಸುತ್ತಿ, ಮುಖ ತಿರುಗಿಸಿ, ಕದ್ದ ಮಾಲಿನಂತೆ ದಾಟಿಸುತ್ತಿದ್ದ. ತುರಿಕೆ ನಿಂತರೆ ಮುಗಿಯಿತು. ಮತ್ತೆ ಬಂದರೆ ಮತ್ತೊಂದು ಪೊಟ್ಟಣ.

"ಒಂದು ಸಲಕ್ಕೆ ಒಂದು ಮಾತ್ರೆ ಸಾಕಾಗಬಹುದು. ಪರೀಕ್ಷೆನೇ ಇಲ್ಲದೆ ವರ್ಷಗಟ್ಟಲೆ ನುಂಗೋದಕ್ಕಲ್ಲ. ಪ್ರತಿ ಸಲಾನೂ ಬಡಕಲು ಯೀಸ್ಟು ಸಾಯ್ತು, ಗಟ್ಟಿ ಇದ್ದಿದ್ದು ಉಳ್ಕೊಂಡು ಸಂಸಾರ ಬೆಳೆಸ್ತು. ಈಗ ಯೋನಿಯಲ್ಲಿ ಇರೋದೆಲ್ಲ ಆ ಗಟ್ಟಿಗಳ ಮಕ್ಕಳು, ಮೊಮ್ಮಕ್ಕಳು. ಅವುಗಳ ಮೈಯಲ್ಲಿ ಪಂಪಿನಂಥದ್ದು ಇರುತ್ತೆ. ಔಷಧಿ ಒಳಗೆ ಬಂದ ಹಾಗೇ ಹೊರಗೆ ದಬ್ಬುತ್ತೆ."

"ಟಿಕೆಟ್ ಇಲ್ಲದವನನ್ನ ನಾನು ಇಳಿಸೋ ಹಾಗಾ?"

"ಹಾಗೇ."

ಡಾಕ್ಟರಮ್ಮ ನಕ್ಕರು. ಇವಳಿಗೆ ನಗು ಬರಲಿಲ್ಲ. 'ಯೋನಿ' ಎಂಬ ಮಾತನ್ನು ಅವರು 'ಮೊಣಕೈ' ಎಂದಷ್ಟೇ ಸಲೀಸಾಗಿ ಆಡಿದ್ದರು. ಅಷ್ಟು ಸಲೀಸಾಗಿ ಆಡಬಹುದಾದ ಮಾತನ್ನು ತನ್ನ ಬಾಯಿಂದ ಕಿತ್ತುಕೊಂಡವರು ಯಾರು? ಸಿಟ್ಟು ಬಂತು. ತಾನು ನಾಚಿಕೊಂಡಷ್ಟೂ 'ಅದು' ಕೊಬ್ಬಿತ್ತು.

"ಬೇರೆ ಔಷಧಿ ಕೊಡ್ತೀನಿ, ಎರಡು ವಾರ ಬಿಡದೆ ಹಾಕ್ಕೋ. ಈ ಬೆವರಿಗೆ ಒದ್ದೆಯಾದ ನೈಲಾನ್ ಪ್ಯಾಂಟಿನಲ್ಲಿ ದಿನವಿಡೀ ಇರಬೇಡ. ಬಟ್ಟೆ ಬದಲಿಸೋಕೆ ಜಾಗ ಇರೋ ಕಡೆ ಡ್ಯೂಟಿ ಹಾಕಿಸ್ಕೋ."

ಜಾಗ! ದೂರದ ರೂಟಿನಲ್ಲಿ ಬಸ್ಸು ನಿಲ್ಲುವ ಕಡೆ ಗಂಡಸರಿಗೆ ಗೋಡೆಯಿದೆ. ಹೆಂಗಸರಿಗೆ ಗೋಡೆಯ ಹಿಂದೆಯೂ ಗಂಡಸರಿದ್ದಾರೆ. ಅದಕ್ಕೇ ಅವಳು ಡ್ಯೂಟಿಯ ದಿನ ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಡಿಪೋದ ಮ್ಯಾನೇಜರ್ ಎದುರು ನಿಂತು ಟೌನ್ ರೂಟ್ ಕೇಳಿದಳು. ಆ ರೂಟಿನ ಬಸ್ಸು ಗಳಿಗೆಗೊಮ್ಮೆ ಡಿಪೋಗೆ ಬರುತ್ತದೆ, ಡಿಪೋದಲ್ಲಿ ಚಿಲಕವಿರುವ ಬಾಗಿಲೊಂದಿದೆ. ಮ್ಯಾನೇಜರನಿಗೆ ಡಿಪೋದವರು ಇಟ್ಟ ಹೆಸರು 'ಹಾರ್ನ್'. ಕೆಲಸವಿರಲಿ ಬಿಡಲಿ, ಸದ್ದಂತೂ ಇರುತ್ತಿತ್ತು.

"ಹೋದ ಸಲ ರಜೆಗೆ ಜ್ವರ, ಅದರ ಹಿಂದಿನ ಸಲಾನೂ ಜ್ವರ. ಜ್ವರಾನ ಗುತ್ತಿಗೆ ಹಿಡಿದಿದ್ದೀರೇನ್ರಿ? ಈ ಸಲ ಏನಂತೆ? ಸರಿಯಾದ ಕಾರಣ ಹೇಳಿ, ಇಲ್ಲಾಂದ್ರೆ ದೂರದ ರೂಟೇ. ಅದೂ ಆಗಲ್ಲ ಅಂದ್ರೆ ಮನೇಲೇ ಇರಿ, ಕೆಲಸಕ್ಕೆ ಜನ ಸಾಲುಗಟ್ಟಿ ನಿಂತಿದಾರೆ."

ಸುತ್ತ ನಿಂತಿದ್ದ ಡ್ರೈವರುಗಳು, ಮೆಕ್ಯಾನಿಕ್ಕುಗಳು ಮುಸಿಮುಸಿ ನಕ್ಕರು.

"ಅದು..." ಎಂದಳು. ಆಮೇಲೆ ತಲೆಯೆತ್ತಿದಳು.

"ಯೋನಿಯಲ್ಲಿ ಫಂಗಸ್, ಸಾರ್."

ಸ್ಪ್ಯಾನರಿನ ಸದ್ದು ನಿಂತುಹೋಯಿತು.

"ಛೆ ಛೆ! ಏನಮ್ಮಾ ಇದು, ನಾಲ್ಕು ಜನ ಇರೋ ಕಡೆ..."

"ನಾಲ್ಕು ಜನ ಇರೋ ಕಡೆನೇ ಕೇಳಿದ್ರಲ್ಲ? ಸರಿಯಾಗಿ ಕೇಳಿಸ್ಲಿಲ್ವಾ? ಯೋನಿಯಲ್ಲಿ ಫಂಗಸ್. ಮಾತ್ರೆಗೂ ಬಗ್ಗಲ್ಲ. ಯಾಕೆ ಬಗ್ಗಲ್ಲ ಗೊತ್ತಾ? ನೀವೆಲ್ಲ ಹೀಗೆ ಛೆ ಛೆ ಅಂತಿದ್ರಿ, ನಾವು ಪೇಪರಲ್ಲಿ ಸುತ್ತಿಸ್ಕೊಂಡು ಕದ್ದು ನುಂಗ್ತಿದ್ವಿ..."

"ಆಯ್ತು! ಆಯ್ತು! ತಗೊಳ್ಳಿ ಟೌನ್ ರೂಟು. ಸದ್ಯ ಬಾಯಿ ಮುಚ್ಚಿ!" 'ಹಾರ್ನ್' ಮ್ಯಾನೇಜರ್ ಡ್ಯೂಟಿ ಬೋರ್ಡಿನಲ್ಲಿ ದೂರದ ರೂಟಿನೆದುರು ಸೀಮೆಸುಣ್ಣದಲ್ಲಿ ಬರೆದಿದ್ದ ಅವಳ ಹೆಸರನ್ನು ಅಂಗೈಯಿಂದಲೇ ಉಜ್ಜಿ ಅಳಿಸಿದ.

ಕೇಳಿದ್ದು ಸಿಕ್ಕಿತ್ತು. ಆದರೂ ಸಿಟ್ಟು ಇಳಿಯಲಿಲ್ಲ. ಅವನು ಕೊಟ್ಟದ್ದು ಅವಳ ಮಾತು ಕೇಳಿಸಿಕೊಂಡಲ್ಲ, ಇನ್ನು ಕೇಳಲಾರದೆ. ಧಡಧಡ ಬಸ್ಸು ಹತ್ತಿದಳು.

ಟೌನ್ ರೂಟಿನ ಡ್ರೈವರ್ ವಯಸ್ಸಾದವನು, ಅವಳ ಮಾತೆಲ್ಲ ಅವನಿಗೂ ಕೇಳಿಸಿತ್ತು. ಇಂಜಿನ್ ಚಾಲೂ ಮಾಡಿ ಕೂತಿದ್ದ, ಗೇರು ಹಾಕಿರಲಿಲ್ಲ.

"ಏನಣ್ಣ? ನಿಮಗೂ ನಾಚಿಕೆ ಆಯ್ತಾ?"

"ಹಾಗಲ್ಲ ತಂಗಿ." ಅವನು ಕನ್ನಡಿ ನೋಡುತ್ತ ಹೇಳಿದ. "ಅದಕ್ಕೆ... ಟೆಸ್ಟು ಇದೆಯಾ?"

"ಯಾವುದಕ್ಕೆ? ಬಾಯಿಬಿಟ್ಟು ಹೇಳಿ."

ಅವನು ಅಂಗಿಯ ಜೇಬಿಗೆ ಕೈಹಾಕಿ, ಹೆಂಡತಿಗೆಂದು ಬೆಳಿಗ್ಗೆ ಕೊಂಡು ಇಟ್ಟುಕೊಂಡಿದ್ದ ಚಿಕ್ಕ ಪೊಟ್ಟಣವೊಂದನ್ನು ತೆಗೆದು ಇಂಜಿನ್ನಿನ ಮುಚ್ಚಳದ ಮೇಲಿಟ್ಟ. ಹಳೇ ಪೇಪರು, ಅದೇ ಅಂಗಡಿಯ ಮಡಿಕೆ.

ಕಂಡಕ್ಟರಮ್ಮ ಸೀಟಿ ತುಟಿಗಿಟ್ಟುಕೊಂಡಳು, ಊದಲಿಲ್ಲ. ಇಂಜಿನ್ನಿನ ನಡುಕಕ್ಕೆ ಪೊಟ್ಟಣ ಅದುರುತ್ತ, ಒಂದೊಂದೇ ಮಡಿಕೆ ಸಡಿಲಿಸಿಕೊಳ್ಳುತ್ತಿತ್ತು.