ಮೂರಿಂಚಿನ ಕಟ್ಟೆ

“ತಲೇಲಿ ಏನೋ ಇರೋದು, ಮರಳಾ? ನಾಳೆ ಬೆಳಿಗ್ಗೆ ದೊಡ್ಡ ಸಾಹೇಬ್ರು ಬಂದು ಟೇಪು ಕತ್ತರಿಸ್ತಾರೆ, ಈಗ ಬಂದು ಒಡೀತೀನಿ ಅಂತೀಯಲ್ಲೋ ಬಡ್ಡೀಮಗನೆ!”

ಇಂಜಿನಿಯರ್ ಸಾಹೇಬರು ನನ್ನ ಮೇಲೆ ಹಾರಿಬಿದ್ದರು.

ತಪ್ಪು ನನ್ನದೇ. ಮೂವತ್ತು ವರ್ಷ ಗಾರೆ ಕೆಲಸ ಮಾಡಿದ ಕೈ ಇದು. ನೀರು ಬೀಳುವ ಜಾಗವೆಂದರೆ ಸಾಕು, ನೀರು ಹೊರಗೆ ಹರಿಯದಂತೆ ಬಾಗಿಲ ಬುಡಕ್ಕೆ ತಾನಾಗಿಯೇ ಮೂರಿಂಚಿನ ಕಟ್ಟೆ ಕಟ್ಟಿಬಿಡುತ್ತದೆ. ಈ ಹಳೇ ಕಚೇರಿಯ ರಿಪೇರಿಯಲ್ಲಿ ಗಾಲಿಕುರ್ಚಿಯವರಿಗೆಂದೇ ಮಾಡಿದ ಶೌಚಾಲಯಕ್ಕೂ ಕಟ್ಟಿತು. ಅಗಲವಾದ ಬಾಗಿಲು, ಗೋಡೆಗೆ ಹಿಡಿಕೆ, ಹೊರಗೆ ಗಾಲಿಕುರ್ಚಿಯ ಚಿತ್ರ. ಸಾಹೇಬರು ನಾಲ್ಕು ಸಲ ಬಂದು ಫೋಟೊ ತೆಗೆದುಕೊಂಡು ಹೋದರು. ಕಾಲಿದ್ದವರು ಕಾಲೆತ್ತಿ ದಾಟಿದರು. ಕಟ್ಟೆ ಯಾರ ಕಣ್ಣಿಗೂ ಬೀಳಲಿಲ್ಲ.

ಅದು ಸಿಕ್ಕಿದ್ದು ಅರ್ಜಿ ಬರೆಯುವ ಅಕ್ಕನ ಚಕ್ರಕ್ಕೆ. ಹನ್ನೊಂದು ವರ್ಷದಿಂದ ಆಕೆ ಇದೇ ಕಚೇರಿಯ ಜಗುಲಿಯಲ್ಲಿ ಗಾಲಿಕುರ್ಚಿಯ ಮೇಲೆ ಕೂತು ಕಂಡವರ ಕಷ್ಟವನ್ನೆಲ್ಲ ಬರೆದುಕೊಡುತ್ತಾಳೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ತೊಟ್ಟು ನೀರು ಕುಡಿಯುವುದಿಲ್ಲ. ಕುಡಿದರೆ ಹೋಗುವುದೆಲ್ಲಿಗೆ? ಹಾಗೆ ತಡೆದೂ ತಡೆದೂ ಎರಡು ಸಲ ಆಸ್ಪತ್ರೆ ಸೇರಿ ಬಂದಿದ್ದಾಳೆ. ಈಗ ತಾನೆ ಆಸೆಯಿಂದ ನೋಡಲು ಬಂದವಳ ಚಕ್ರ ನನ್ನ ಕಟ್ಟೆಗೆ ಬಡಿದು ನಿಂತಿತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

“ಚೆನ್ನಾಗ್ ಕಟ್ಟಿದೀಯ ಮೇಸ್ತ್ರಿ. ಹಾರ್ಕೊಂಡು ಹೋಗ್ಲಾ?” ಎಂದು ನಕ್ಕಳು. ಬೈದಿದ್ದರೆ ವಾಸಿಯಿತ್ತು.

“ಅರ್ಧ ಗಂಟೆ ಸಾಕು ಸ್ವಾಮಿ,” ಎಂದೆ ಸಾಹೇಬರಿಗೆ. “ಒಡೆದು ನೆಲಕ್ಕೆ ಸಮ ಮಾಡ್ತೀನಿ.”

“ಮುಟ್ಟಿದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ. ಮೊದಲು ಉದ್ಘಾಟನೆ ಆಗ್ಲಿ. ಆಮೇಲೆ ಈಯಮ್ಮ ಒಂದು ಅರ್ಜಿ ಕೊಡ್ಲಿ, ನೋಡೋಣ.”

“ಏಳು ಕೊಟ್ಟಿದೀನಿ ಸಾಹೇಬ್ರೆ,” ಎಂದಳು ಅಕ್ಕ. “ಅಕ್ಷರ ಮುದ್ದಾಗಿದೆ ಅಂದ್ರಿ.”

ಅಕ್ಕ ನನ್ನ ಕಡೆ ಕೈ ಚಾಚಿದಳು.

“ಮೇಸ್ತ್ರಿ, ನಿನ್ನ ನೀರಿನ ಬಾಟ್ಲಿ ಕೊಡು.”

ಕೊಟ್ಟೆ. ಎತ್ತಿದ ಬಾಟಲಿಯನ್ನು ಇಳಿಸದೆ ಗಟಗಟ ಕುಡಿದು ಮುಗಿಸಿದಳು. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು.

“ಏನಮ್ಮಾ ಇದು!”

“ಏನಿಲ್ಲ ಸಾಹೇಬ್ರೆ, ಬಾಯಾರಿತ್ತು. ಹನ್ನೊಂದು ವರ್ಷದ್ದು.” ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದಳು. “ಅರ್ಧ ಗಂಟೆ ಅಂದೆ ಅಲ್ವಾ? ನಂಗೂ ಅಷ್ಟೇ ತಡೆಯಕ್ಕಾಗೋದು.”

ಉಳಿ ಇಟ್ಟು ಸುತ್ತಿಗೆ ಎತ್ತಿದೆ. ಮೊದಲ ಏಟಿಗೇ ಹೊಸ ಟೈಲ್ಸ್ ಸೀಳಿತು. “ಅಯ್ಯೋ, ಟೈಲ್ಸು! ಟೈಲ್ಸು!” ಎಂದು ಸಾಹೇಬರು ಅರಚುತ್ತಲೇ ಇದ್ದರು. ಅಕ್ಕ ಗೋಡೆಯ ಗಡಿಯಾರ ನೋಡುತ್ತ, ನನ್ನ ಚೀಲದಲ್ಲಿದ್ದ ಎರಡನೇ ಬಾಟಲಿ ತೆಗೆದು ಮುಚ್ಚಳ ತಿರುವಿದಳು.