ಕೋಣೆಯ ಬಿಸಿಗೆ ನಿಲ್ಲದ ಅಯಸ್ಕಾಂತ

ಧಾರವಾಡದ ಕಾಲೇಜೊಂದರ ಪ್ರಯೋಗಾಲಯದಲ್ಲಿ ರಜನಿ ವರ್ಷಗಟ್ಟಲೆ ಒಂದೇ ಕೆಲಸಕ್ಕೆ ಜೋತುಬಿದ್ದಿದ್ದಳು. ಹರಳನ್ನು ಅಂಟುಪಟ್ಟಿಗೆ ಒತ್ತಿ, ಸುಲಿದು, ಮತ್ತೆ ಸುಲಿದು, ಕೆಲವೇ ಅಣುಗಳಷ್ಟು ದಪ್ಪದ ಪದರು ತೆಗೆಯುವುದು. ಅದು ಅಯಸ್ಕಾಂತವಾಗಿ ಉಳಿಯಿತೇ ಎಂದು ಅಳೆಯುವುದು. ಉಳಿದರೆ, ಎಲೆಕ್ಟ್ರಾನಿನ ಗಿರಕಿಯಲ್ಲೇ ಮಾಹಿತಿ ಹಿಡಿದಿಡುವ, ಬಿಸಿಯೇರದ ಚಿಪ್‌ಗಳನ್ನು ಮಾಡಬಹುದು. ಆದರೆ ಅವಳ ಪದರುಗಳು ಕೊರೆಯುವ ಚಳಿಯಲ್ಲಷ್ಟೇ ಅಯಸ್ಕಾಂತ. ಕೋಣೆಯ ಬಿಸಿಗೆ ಬಂದರೆ ಆ ಗುಣ ಹಾರಿಹೋಗುತ್ತಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಅದು ಹಾರಲಿಲ್ಲ. ಯಂತ್ರದ ಪರದೆಯ ಮೇಲೆ ಅಯಸ್ಕಾಂತದ ಗುರುತಾದ ಗೆರೆ ಎದ್ದು ನಿಂತಿತ್ತು. ಮಾರ್ಗದರ್ಶಕರಾದ ಶಂಭುಲಿಂಗ ಸರ್ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಖುಷಿಗೆ ವಿಭಾಗಕ್ಕೆಲ್ಲ ಮಂಡಕ್ಕಿಯ ಗಿರ್ಮಿಟ್ ತರಿಸಿದರು. ಬರುವ ಸಮ್ಮೇಳನದಲ್ಲಿ ಇದನ್ನೇ ಹೇಳುವುದೆಂದು ಅಲ್ಲೇ ನಿಶ್ಚಯಿಸಿದರು.

ರಜನಿಗೆ ಗಿರ್ಮಿಟ್ ರುಚಿಸಲಿಲ್ಲ. ಇಷ್ಟು ದಿನ ಕೈಕೊಟ್ಟದ್ದು ಇವತ್ತು ಹೀಗೆ ಒಲಿದದ್ದೇಕೆ? ಕಿರಿಯ ಸಂಶೋಧಕಿ ರುಕ್ಸಾನಾಳನ್ನು ಕರೆದು, ಎಲ್ಲವನ್ನೂ ಮೊದಲಿನಿಂದ ಮಾಡಿ ನೋಡಲು ಹೇಳಿದಳು.

“ಅಕ್ಕಾ, ನಿಮ್ಮದು ಸುಳ್ಳಾದ್ರ ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ.”

“ಸಿಟ್ಟು ಬರ್ತದ. ಆದ್ರೂ ಮಾಡು,” ಎಂದಳು ರಜನಿ.

ರುಕ್ಸಾನಾ ಪದರು ಎತ್ತಲು ಪ್ಲಾಸ್ಟಿಕ್ ಚಿಮಟ ಬಳಸಿದಳು. ಗೆರೆ ಏಳಲಿಲ್ಲ. ಆಮೇಲೆ ಇಬ್ಬರೂ ಸೇರಿ ರಜನಿಯ ಉಕ್ಕಿನ ಚಿಮಟವನ್ನು ಬರೀ ಗಾಜಿನ ಬಿಲ್ಲೆಗೆ ತಾಗಿಸಿ ಅಳೆದರು. ಅದೇ ಗೆರೆ ಎದ್ದಿತು. ಚಿಮಟದ ತುದಿ ಸವೆದು ಕಬ್ಬಿಣದ ಕಣ ಉದುರುತ್ತಿತ್ತು, ಅಷ್ಟೇ.

ಬೈಗುಳಕ್ಕೆ ಸಿದ್ಧಳಾಗಿಯೇ ರಜನಿ ಸರ್ ಕೋಣೆಗೆ ಹೋದಳು. ಚಿಮಟದ ಸಂಗತಿ ತಿಳಿಸಿದಳು.

“ನನಗೂ ಸಂಶಯ ಬಂದಿತ್ತವಾ,” ಎಂದರು. “ಕೇಳಾಕ ಮನಸ್ಸಾಗಲಿಲ್ಲ. ರಿಟೈರ್ ಆಗೋದ್ರೊಳಗ ಇಂಥಾದ್ದೊಂದಾದ್ರೂ ಕಾಣಬೇಕಂತ ಆಸೆ ಇತ್ತು.”

ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಸಮ್ಮೇಳನದಲ್ಲಿ ಅವಳು ಚಿಮಟ ಹೇಗೆ ಮೋಸ ಮಾಡಿತೆಂಬುದನ್ನೇ ವಿವರಿಸಿದಳು. ಚಪ್ಪಾಳೆ ಹೆಚ್ಚು ಬೀಳಲಿಲ್ಲ. ಆದರೆ ಚಹಾದ ಹೊತ್ತಿಗೆ ಬೇರೆ ಊರಿನ ಇಬ್ಬರು ಬಂದು, ತಮ್ಮ ಚಿಮಟಗಳನ್ನು ಪರೀಕ್ಷಿಸುವ ಬಗೆ ಕೇಳಿಕೊಂಡು ಹೋದರು. ಆ ಮರುಪರೀಕ್ಷೆಯನ್ನು ತಾನೇ ಹೇಳಿ ಮಾಡಿಸಿದ್ದರೂ, ರುಕ್ಸಾನಾಳೊಂದಿಗೆ ಮನಬಿಚ್ಚಿ ಮಾತಾಡಲು ಅವಳಿಗೆ ದಸರಾ ಕಳೆಯಬೇಕಾಯಿತು.

ಚಳಿಗಾಲದಲ್ಲಿ ಇಬ್ಬರೂ ಸೇರಿ ಪದರಿನ ಮೇಲೆ ಗಾಳಿ ತಾಗದಂತೆ ಇನ್ನೊಂದು ತೆಳು ಹೊದಿಕೆ ಹಾಕಿದರು. ಮೊದಲು ಗಾಳಿಗೆ ಒಡ್ಡಿದ ದಿನವೇ ಕೆಡುತ್ತಿದ್ದ ಪದರು ಈಗ ಕೆಡದೆ ಬೇಸಿಗೆ ದಾಟಿತು. ಕೋಣೆಯ ಬಿಸಿಗೆ ಅದರ ಅಯಸ್ಕಾಂತ ಗುಣ ಇನ್ನೂ ನಿಲ್ಲುವುದಿಲ್ಲ. ಆದರೆ ಕೊರೆಯುವ ಚಳಿಗಿಟ್ಟು ಅಳೆದಾಗಲೆಲ್ಲ, ಸಣ್ಣದಾಗಿ, ಗೆರೆ ಏಳುತ್ತದೆ.