ತುಳಸಿಗೆ ಬಿಸಿಗಾಳಿ

ಫ್ರಿಸ್ಕೋದ ಹೊಸ ಮನೆಗೆ ಬಂದ ಮೇಲೆ ಶ್ಯಾಮಸುಂದರನಿಗೆ ಹೀಟ್ ಪಂಪ್ ಎಂಬ ಯಂತ್ರದ ಹುಚ್ಚು ಹಿಡಿದಿತ್ತು. ಬಂದವರಿಗೆಲ್ಲ ಕಾಫಿಗಿಂತ ಮೊದಲು ಹಿತ್ತಲಲ್ಲಿ ಕೂತ ಅದರ ಪೆಟ್ಟಿಗೆಯ ದರ್ಶನ. ಬೇಸಗೆಯಲ್ಲಿ ಅದು ಮನೆಯ ಬಿಸಿಯನ್ನೆಲ್ಲ ತಂದು ಹೊರಗೆ ಉಗುಳುತ್ತಿತ್ತು. ಅದರ ಜಾಲರಿಯ ಮೇಲೆ ಅವರ ಅಂಗೈ ಹಿಡಿಸಿ, "ಚಳಿಗಾಲದಲ್ಲಿ ಮನೆ ಬೆಚ್ಚಗಿಡೋದೂ ಇದೇ ಮಿಷನ್ನು" ಎನ್ನುತ್ತಿದ್ದ. ಚಿಪ್ ಡಿಸೈನ್ ಮಾಡುವವನಿಗೆ ಇದರ ಗಂಧವೆಷ್ಟು ಎಂದು ಯಾರೂ ಕೇಳಲಿಲ್ಲ, ಅವನೂ ಕೇಳಿಕೊಳ್ಳಲಿಲ್ಲ.

ಜನವರಿಯಲ್ಲಿ ಟೀವಿಯವರು ಹಿಮ ಕಟ್ಟುತ್ತದೆ ಎಂದು ಎಚ್ಚರಿಸಿದಾಗ ಮನೆಯಲ್ಲಿ ತುಳಸಿಯದೇ ಚಿಂತೆ. ಮೈಸೂರಿನಿಂದ ಬಂದಿದ್ದ ಅವನ ತಾಯಿ ಹೊನ್ನಮ್ಮ ಬೀಜ ತಂದು, ಮಗುವಿನ ಹಾಗೆ ಸಾಕಿದ್ದ ಗಿಡ ಅದು.

"ಗರಾಜಲ್ಲಿಡೋಣ ಅತ್ತೆ" ಎಂದಳು ಹೆಂಡತಿ ವಸುಧಾ.

"ಚಪ್ಪಲಿ ಬಿಡೋ ಜಾಗದಲ್ಲಾ? ತುಳಸಿ ಅಂಗಳದಲ್ಲೇ ಇರಬೇಕು ಕಣೆ."

ಶ್ಯಾಮಸುಂದರ ನಕ್ಕ. "ಹಿತ್ತಲ ಅಂಗಳದಲ್ಲೇ ಇರ್ಲಿ ಬಿಡಮ್ಮ, ಪೆಟ್ಟಿಗೆ ಬಿಸಿಗಾಳಿ ಬಿಡುತ್ತಲ್ಲ." ಕುಂಡವನ್ನು ಸ್ಟೂಲಿನ ಮೇಲಿಟ್ಟು, ಎಲೆಗಳೆಲ್ಲ ಜಾಲರಿಯ ಮೇಲೆ ಬಾಗುವಂತೆ ತಾನೇ ನಿಲ್ಲಿಸಿದ.

ಮರುದಿನ, ಭಾನುವಾರ ಬೆಳಿಗ್ಗೆ, ಗಿಡ ಬೆಂದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿತ್ತು. ಬೇಲಿಯ ಪಕ್ಕದ ದಾಸವಾಳ ಮಾತ್ರ ಚಳಿಗೆ ಒಂದಿಷ್ಟು ಎಲೆ ಸುಟ್ಟುಕೊಂಡು ಉಳಿದಿತ್ತು. ತಿಂಡಿಗೆ ಬಂದಿದ್ದ ಆಫೀಸಿನ ಗೆಳೆಯ ಮಧ್ವೇಶನ ಎದುರಿಗೇ ಹೊನ್ನಮ್ಮ ಹದಿಮೂರರ ಮೊಮ್ಮಗಳು ತನ್ವಿಯ ಕಡೆ ತಿರುಗಿದರು. ಹೊರಗಾದ ಹೆಣ್ಣು ಸೋಕಿದರೆ ತುಳಸಿ ಬಾಡುತ್ತದೆಂಬುದು ಅವರ ನಂಬಿಕೆ.

"ನಿನ್ನೆ ಸೈಕಲ್ ತರಕ್ಕೆ ಹೋದಾಗ ಮುಟ್ಟಿದ್ಯೇನೆ? ಹೊರಗಾಗಿದೀನಿ ಅನ್ನೋ ಜ್ಞಾನ ಬೇಡ್ವಾ?"

ಪರಗಂಡಸಿನ ಮುಂದೆ ಆ ಮಾತು! ಹುಡುಗಿಯ ಮುಖ ಕೆಂಪಾಯಿತು. ಮಧ್ವೇಶ ಇಡ್ಲಿಯ ತಟ್ಟೆಯಲ್ಲಿ ಕಣ್ಣು ನೆಟ್ಟ.

ಶ್ಯಾಮಸುಂದರ ಹಿತ್ತಲಿಗೆ ಹೋಗಿ ಜಾಲರಿಯ ಮೇಲೆ ಕೈಯಿಟ್ಟ. ಬೆರಳು ಮರಗಟ್ಟಿತು. ಸುತ್ತಲಿನ ಗಾಳಿಗಿಂತ ಪೆಟ್ಟಿಗೆಯ ಗಾಳಿಯೇ ತಣ್ಣಗಿತ್ತು. ಚಳಿಗಾಲದಲ್ಲಿ ಯಂತ್ರ ತಿರುಗುಮುರುಗಾಗಿ ನಡೆಯುತ್ತದೆ, ಹೊರಗಿನ ಗಾಳಿಯಲ್ಲಿರುವ ಚೂರುಪಾರು ಶಾಖವನ್ನೂ ಹೀರಿ ಒಳಗೆ ಕಳಿಸುತ್ತದೆ, ಹೀರಿದ ಮೇಲೆ ಉಳಿದ ಕೊರೆಯುವ ಗಾಳಿಯನ್ನು ಹೊರಗೆ ಬಿಡುತ್ತದೆ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಊರಿಗೆಲ್ಲ ಪಾಠ ಹೇಳುವ ಭರದಲ್ಲಿ ಯೋಚಿಸಿರಲಿಲ್ಲ, ಅಷ್ಟೇ. ರಾತ್ರಿಯೆಲ್ಲ ಅಮ್ಮನ ತುಳಸಿಗೆ ಅವನೇ ಐಸು ಊದಿಸಿದ್ದ.

ಒಳಗೆ ಬಂದು ಹೇಳಿಬಿಡಬೇಕಿತ್ತು, ಬಾಯಿಯವರೆಗೂ ಬಂತು. ಆದರೆ ಸೋಫಾದಲ್ಲಿ ಮಧ್ವೇಶ ಕೂತಿದ್ದ. ನಾಳೆ ಆಫೀಸಿನಲ್ಲಿ ನಗೆಪಾಟಲು. ಅವನು ಹೋದ ಮೇಲೆ ಹೇಳಿದರಾಯಿತೆಂದು ಶ್ಯಾಮಸುಂದರ ಚಟ್ನಿ ಬಡಿಸಿಕೊಂಡ.

ಆಗಲೇ ತನ್ವಿ ಅಜ್ಜಿಯ ಮುಂದೆ ಬಂದು ನಿಂತಳು. "ಸಾರಿ ಅಜ್ಜಿ. ಐ ಡಿಡ್ ಟಚ್ ಇಟ್. ಐ ಡಿಡಂಟ್ ನೋ ಇಟ್ ವುಡ್ ಡೈ." ಅಪ್ಪನಾದವನು ಇಡ್ಲಿ ನುಂಗಿದ.

ಮಧ್ವೇಶ ಹೊರಟ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಶ್ಯಾಮಸುಂದರ ಯಂತ್ರದ ವಿಷಯ ಬಿಡಿಸಿ ಹೇಳಿದ. ಅಷ್ಟು ಚೆನ್ನಾಗಿ ಅವನು ಹಿಂದೆಂದೂ ವಿವರಿಸಿರಲಿಲ್ಲ. "ತಪ್ಪು ನನ್ನದೇ ಅಮ್ಮ, ಮಗೂದೇನಿಲ್ಲ" ಎಂದೂ ಸೇರಿಸಿದ. ಹೊನ್ನಮ್ಮ ಬಿಟ್ಟ ಬಾಯಿ ಮುಚ್ಚದೆ ಮೊಮ್ಮಗಳನ್ನು ನೋಡಿದರು.

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ತನ್ವಿ, ಅಜ್ಜಿಗೂ ತಿಳಿಯಲೆಂದೋ ಏನೋ, ಕನ್ನಡದಲ್ಲಿ ಕೇಳಿದಳು.

"ಅಪ್ಪಾ, ನಿಂಗೆ ಯಾವಾಗ ಗೊತ್ತಾಯ್ತು? ನಾನು ಸಾರಿ ಹೇಳೋಕ್ ಮುಂಚೇನಾ?"

ಸುಳ್ಳು ಹೇಳಬಹುದಿತ್ತು. ವಸುಧಾ ಅವನ ಮುಖವನ್ನೇ ನೋಡುತ್ತಿದ್ದಳು.

"ಮುಂಚೆ" ಎಂದ.

ತನ್ವಿ ತಲೆಯಾಡಿಸಿ ಎದ್ದಳು. ಹೊನ್ನಮ್ಮ ಅವಳ ಕೈ ಹಿಡಿದೆಳೆದು ತಮ್ಮ ಮಡಿಸೀರೆಯ ಪಕ್ಕದಲ್ಲೇ, ಮೈಗೆ ಮೈ ತಾಗುವಂತೆ ಕೂರಿಸಿಕೊಂಡರು.